ಕಾಲು ಮುಂದಾಗಿ ಹುಟ್ಟಿದವಳು

೧೯ ಜನವರಿ ೧೯೮೨

ಈ ಡೈರಿ ಹೋದ ವರ್ಷದ್ದು. ನಮ್ಮ ಬ್ರಾಂಚ್ ಆಫೀಸಿನ ಪೋಸ್ಟ್‌ಮಾಸ್ಟರ್ ವೆಂಕಟ್ರಮಣ ಭಟ್ಟರು ಖಾಲಿ ಉಳಿದದ್ದನ್ನು ನನಗೆ ಕೊಟ್ಟರು. ವಾರಗಳು ಒಂದು ದಿನ ಹಿಂದೆ ಇವೆ, ಹಾಗಾಗಿ ವಾರ ಹೊಡೆದುಹಾಕಿ ತಾರೀಕು ಮಾತ್ರ ಇಟ್ಟುಕೊಂಡಿದ್ದೇನೆ. ಇದನ್ನು ಯಾರೂ ಓದುವುದಿಲ್ಲ. ಇಲ್ಲಿ ನಿಜ ಬರೆಯಬಹುದು.

ಕಡಬದಿಂದ ಬಸ್ಸಿನಲ್ಲಿ ಬಂದ ಟಪಾಲು ಹಿಡಿದು ಎರಡು ಮೈಲು ಸೈಕಲ್, ಆಮೇಲೆ ಕುಮಾರಧಾರಾ, ಆಮೇಲೆ ಆಚೆ ದಡದ ಗುಡ್ಡ ಹತ್ತಿ ಹದಿನಾಲ್ಕು ಮನೆ. ಸೈಕಲ್, ಹೊಳೆ, ಗುಡ್ಡ. ಒಂಬತ್ತು ವರ್ಷದಿಂದ ಮೂರನ್ನೂ ಒಂದೇ ಉಸಿರಿಗೆ ಮುಗಿಸುವವನು ಈ ಸೀಮೆಯಲ್ಲಿ ತ್ಯಾಂಪಣ್ಣ ಎಂಬ ನಾನೊಬ್ಬನೇ. ದೋಣಿ ಇಲ್ಲದ ದಿನ ಸಂಚಿಯನ್ನು ತಲೆಗೆ ಕಟ್ಟಿಕೊಂಡು ಈಜಿದ್ದೂ ಉಂಟು. ಒಮ್ಮೆ ಹಾಗೆ ಈಜಿ ಸಂಚಿ ಒದ್ದೆ ಮಾಡಿದಾಗ ಭಟ್ಟರು ನನ್ನಿಂದ ಮಾತು ತೆಗೆದುಕೊಂಡರು. ಇನ್ನು ಹೊಳೆ ದಾಟುವುದು ಅದ್ರಾಮನ ದೋಣಿಯಲ್ಲಿ ಮಾತ್ರ, ತಪ್ಪಿದರೆ ಕೆಲಸ ಬಿಡಬೇಕು.

ಇವತ್ತು ಹೊಳೆ ದಾಟುವ ಕಡವಿನಲ್ಲಿ ನೀರು ಇಳಿದು ಬಂಡೆಗಳೆಲ್ಲ ಮೇಲೆ ಬಂದಿದ್ದವು. ಅದ್ರಾಮ ದೋಣಿ ಬಿಡಿಸುತ್ತ, "ಬನ್ನಿ ತ್ಯಾಂಪಣ್ಣ, ಹತ್ತಿ" ಎಂದ. ನನಗೆ ಎಲ್ಲಿಲ್ಲದ ಹುರುಪು. "ನಿನ್ನ ದೋಣಿಗಿಂತ ಮೊದಲು ನಾನು ಆಚೆ ಇರ್ತೇನೆ ಮಾರಾಯ, ನೋಡ್ತಾ ಇರು" ಎಂದು ಬಂಡೆಯಿಂದ ಬಂಡೆಗೆ ಹಾರಿದೆ. ಕಡೆಯ ಬಂಡೆಯಿಂದ ಕಾಲು ಒತ್ತಿ ಹಾರುವಾಗ ಹಿಂದಿನಿಂದ ಹಿಮ್ಮಡಿಯ ಮೇಲೆ ಯಾರೋ ಕಲ್ಲು ಹೊಡೆದಂತಾಯಿತು. ಟಕ್ಕೆಂದು ಶಬ್ದವೂ ಬಂತು. ಮರಳಿನಲ್ಲಿ ಬಿದ್ದು ತಿರುಗಿ, "ಯಾರದು ಕಲ್ಲು ಬಿಸಾಡಿದ್ದು?" ಎಂದು ಕೂಗಿದೆ. ಯಾರೂ ಇರಲಿಲ್ಲ. ಅದ್ರಾಮ ಮಾತ್ರ ಹೊಳೆಯ ನಡುವೆ ದೋಣಿ ನೂಕುವ ಜಲ್ಲೆ ಎತ್ತಿಹಿಡಿದು ನನ್ನನ್ನೇ ನೋಡುತ್ತಿದ್ದ.

ದೇವರು ದೊಡ್ಡವನು, ಇವತ್ತು ಕಾಗದ ಇದ್ದದ್ದು ದಡದ ಮೂರು ಮನೆಗೆ ಮಾತ್ರ. ಕುಂಟುತ್ತ ಕೊಟ್ಟು ಬಂದೆ. "ಭಟ್ರಿಗೆ ಹೇಳ್ಬೇಡ" ಎಂದು ಅದ್ರಾಮನಲ್ಲಿ ಬೇಡಿಕೊಂಡೆ. "ಭಟ್ರಿಗೆ ಹೇಳುದಿಲ್ಲ" ಎಂದ. ಒಂದೇ ಕಾಲಿನಲ್ಲಿ ಸೈಕಲ್ ತುಳಿದು ಮನೆಗೆ ಬಂದು, ಅಂಗಳದ ಮೆಟ್ಟಿಲಲ್ಲಿ ಎಡವಿದವನಂತೆ "ಅಯ್ಯೋ" ಎಂದು ಕೂತೆ. ಉಳುಕಿತು ಎಂದೆ. ಅಮ್ಮನೂ ಹೆಂಡತಿ ದಮಯಂತಿಯೂ ನಂಬಿದರು. ನಾಟಕದಲ್ಲಿ ಸೇರಬೇಕಿತ್ತು ನಾನು.

೨೦ ಜನವರಿ

ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಉಳುಕು ಬಿಡುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಬಲ್ಲರು. ದಮಯಂತಿ ಹಾಗೆ ಹುಟ್ಟಿದವಳು. ಮರ್ಕಂಜದ ತವರಿನಲ್ಲಿಯೂ, ಎಂಟು ವರ್ಷದಿಂದ ಇಲ್ಲಿಯೂ, ಬೆನ್ನು ಹಿಡಿದವರು ಸೊಂಟ ಉಳುಕಿದವರು ಬಂದು ಜಗಲಿಯಲ್ಲಿ ಬೋರಲು ಮಲಗುತ್ತಾರೆ. ಅವಳು ಬಲಗಾಲಿನಿಂದ ಮೂರು ಸಲ ಮೆಲ್ಲನೆ ತುಳಿಯುತ್ತಾಳೆ. ಅವರು ಎದ್ದು ಹೋಗುತ್ತಾರೆ. ಅವಳು ಅದಕ್ಕೆ ಒಂದು ವೀಳ್ಯದೆಲೆಯನ್ನೂ ಮುಟ್ಟಿದವಳಲ್ಲ.

ಇವತ್ತು ಅಮ್ಮ ಹಟ ಹಿಡಿದರು. "ನಿನ್ನ ಕಾಲು ಊರಿಗೆಲ್ಲ ಮದ್ದು, ನನ್ನ ಮಗನಿಗೆ ಮಾತ್ರ ಬೇಡವಾ?"

"ಗಂಡನ ಮೈಗೆ ಕಾಲು ತಾಗಿಸುದುಂಟಾ ಅತ್ತೆ?" ಎಂದು ದಮಯಂತಿ ಒಲ್ಲೆನೆಂದಳು. ಕಡೆಗೆ ನನ್ನ ಪಾದ ಮುಟ್ಟಿ ನಮಸ್ಕಾರ ಮಾಡಿ, ಕಣ್ಣು ಮುಚ್ಚಿ, ತುಳಿದಳು.

ನಾನು ಕಿರುಚಿದ್ದು ಗದ್ದೆಯಾಚೆಗೆ ಕೇಳಿತಂತೆ. ಅವಳು ಗೋಡೆಗೆ ಒರಗಿ ನಿಂತುಬಿಟ್ಟಳು. ಮುಖದಲ್ಲಿ ರಕ್ತವೇ ಇರಲಿಲ್ಲ.

೨೩ ಜನವರಿ

ಪುತ್ತೂರಿನ ಎಲುಬಿನ ಡಾಕ್ಟರು ನನ್ನನ್ನು ಬೋರಲು ಮಲಗಿಸಿ ಮೀನಖಂಡ ಹಿಂಡಿದರು. ಎಡಗಾಲಿನಲ್ಲಿ ಹಿಂಡಿದರೆ ಪಾದ ಅಲ್ಲಾಡಿತು. ಬಲಗಾಲಿನಲ್ಲಿ ಹಿಂಡಿದರೆ ಪಾದ ತನಗೆ ಸಂಬಂಧವೇ ಇಲ್ಲವೆಂಬಂತೆ ಬಿದ್ದಿತ್ತು. "ಹಿಮ್ಮಡಿಯ ಹಗ್ಗದಂಥ ನರ ಪೂರ್ತಿ ಕಡಿದಿದೆ. ಎಂತ ಮಾಡಿದ್ದು?" ಎಂದು ಕೇಳಿದರು.

ನಾನು ಬಾಯಿ ತೆರೆದೆ. ನನಗಿಂತ ಮೊದಲು ದಮಯಂತಿ, "ನಾನು ತುಳಿದದ್ದು ಡಾಕ್ಟ್ರೇ" ಎಂದಳು.

ಡಾಕ್ಟರು ಅವಳಿಗೆ ಚೆನ್ನಾಗಿ ಬೈದರು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ಹೇಳಿದರೆ ಬಂಡೆ ಹಾರಿದ್ದು ಭಟ್ಟರ ಕಿವಿಗೆ ಹೋಗುತ್ತದೆ, ಕೆಲಸ ಹೋಗುತ್ತದೆ. ಮೊಣಕಾಲಿನವರೆಗೆ, ಬೆರಳು ಕೆಳಗೆ ಚಾಚಿದ ಹಾಗೆ ಪ್ಲಾಸ್ಟರ್ ಹಾಕಿದ್ದಾರೆ. ಮತ್ತೆ ಓಡುವುದು ಹಾರುವುದು ಆಗಲಿಕ್ಕಿಲ್ಲ, ನಡೆದರೆ ದೊಡ್ಡದು ಎಂದರು.

೨೫ ಜನವರಿ

ನಮ್ಮಂಥವರಿಗೆ ರಜೆ ಬೇಕಾದರೆ ಬದಲಿ ಜನರನ್ನು ನಾವೇ ಕೊಡಬೇಕು, ತಪ್ಪಾದರೆ ನಾವೇ ಹೊಣೆ. ನಾನು ಯಾರ ಹೆಸರನ್ನೂ ಹೇಳುವ ಮೊದಲೇ ದಮಯಂತಿ ಭಟ್ಟರ ಎದುರು ನಿಂತು, "ನಾನು ಹೋಗ್ತೇನೆ. ಏಳನೇ ಕ್ಲಾಸು ಓದಿದ್ದೇನೆ" ಎಂದಳು.

"ಹೊಳೆ ಉಂಟು ಮಾರಾಯ್ತಿ, ಗುಡ್ಡ ಉಂಟು" ಎಂದರು ಭಟ್ಟರು.

"ಕಾಲು ಕಡಿದದ್ದು ನಾನಲ್ವಾ? ಆ ಕಾಲಿನ ಕೆಲಸ ನಾನೇ ಮಾಡ್ಬೇಕು."

ಮದುವೆಯಾಗಿ ಎಂಟು ವರ್ಷದಲ್ಲಿ ಒಮ್ಮೆಯೂ ಹೊಳೆ ದಾಟಿದವಳಲ್ಲ. ಇವತ್ತು ನನ್ನ ಸಂಚಿ ಅವಳ ಮೊಣಕಾಲಿಗೆ ಬಡಿಯುತ್ತ ಹೋಯಿತು. ಒಂದು ವಾರಕ್ಕಿಂತ ಹೆಚ್ಚು ನಡೆಯದು ಎಂದು ಬರೆದಿಡುತ್ತೇನೆ.

೨ ಫೆಬ್ರುವರಿ

ವಾರ ಕಳೆಯಿತು. ನಡೆದಿದೆ.

೧೧ ಫೆಬ್ರುವರಿ

ತುರಿಕೆ. ಪ್ಲಾಸ್ಟರಿನೊಳಗೆ ತೆಂಗಿನ ಗರಿಯ ಕಡ್ಡಿ ತೂರಿಸಿ ಕೆರೆದುಕೊಳ್ಳುವುದೇ ಇಡೀ ದಿನದ ಉದ್ಯೋಗ. ಅಮ್ಮ ಒಳಗಿಂದ, "ಬಂಗಾರದ ಹಾಗೆ ಇದ್ದ ಕಾಲು. ತುಳಿದು ಹಾಳು ಮಾಡಿದ್ಲು" ಎನ್ನುತ್ತಾರೆ. ತುಳಿ ಎಂದು ಹಟ ಹಿಡಿದವರು ಅವರೇ, ಅದು ಮರೆತುಹೋಗಿದೆ. ದಿನಕ್ಕೆ ಎರಡು ಸಲವಾದರೂ ಹೇಳುತ್ತಾರೆ. ದಮಯಂತಿ ಉತ್ತರ ಕೊಡುವುದಿಲ್ಲ. ನಾನೂ ಕೊಡುವುದಿಲ್ಲ.

ಅವಳು ಬೆಳಿಗ್ಗೆ ಹತ್ತಕ್ಕೆ ಹೋದರೆ ಬರುವಾಗ ನಾಲ್ಕೂವರೆ. ನಾನು ಎರಡಕ್ಕೆ ಮನೆಯಲ್ಲಿರುತ್ತಿದ್ದೆ. ಅಷ್ಟು ಹೊತ್ತು ಎಂತ ಮಾಡುತ್ತಾಳೋ.

೧೮ ಫೆಬ್ರುವರಿ

ಕೇಳಿಯೇಬಿಟ್ಟೆ. ಎಲ್ಲ ಮನೆಗೂ ಹೋಗುತ್ತಾಳಂತೆ, ಕಾಗದ ಇರಲಿ ಇಲ್ಲದಿರಲಿ! ಗುಡ್ಡದ ತುದಿಯ ಒಂಟಿ ಮನೆಯಲ್ಲಿ ಗೋದಾವರಿ ಅಮ್ಮ ಎಂಬ ಮುದುಕಿ ಇದ್ದಾರೆ. ಅವರಿಗೆ ಮುಂಬಯಿಯ ತಮ್ಮನ ಕಾಗದ ಆರು ತಿಂಗಳಿಗೊಂದು ಬಂದರೆ ಹೆಚ್ಚು. ನಾನು ಕೆಳಗಿನ ಬೇಲಿಯ ತಡಮೆಯಿಂದಲೇ "ಏನೂ ಇಲ್ಲಾ" ಎಂದು ಕೂಗಿ ತಿರುಗುತ್ತಿದ್ದೆ, ನಲ್ವತ್ತು ಮೆಟ್ಟಿಲು ಉಳಿಯುತ್ತಿತ್ತು. ಇವಳು ಏನೂ ಇಲ್ಲ ಎಂದು ಹೇಳುವುದಕ್ಕೆ ನಲ್ವತ್ತು ಮೆಟ್ಟಿಲು ಹತ್ತುತ್ತಾಳೆ.

"ಅದು ದಂಡ" ಎಂದೆ.

"ಇರ್ಲಿ" ಎಂದಳು. ಸಂಚಿಯಿಂದ ಬಾಳೆಲೆಯ ಪೊಟ್ಟಣ ತೆಗೆದಳು. ನನ್ನ ಕಾಲಿಗೆ ಎಂದು ಗೋದಾವರಿ ಅಮ್ಮ ಕಳಿಸಿದ ಹಸಿ ಅರಸಿನ. ಪ್ಲಾಸ್ಟರಿನ ಮೇಲೆ ಎಲ್ಲಿ ಹಚ್ಚುವುದು? ಆದರೂ ಒಳ್ಳೆಯ ಮುದುಕಿ.

೩ ಮಾರ್ಚ್

ಕುಂಬ್ರದಿಂದ ಅಂಗಡಿಯವರೊಬ್ಬರು ಬೆನ್ನು ಹಿಡಿದುಕೊಂಡು ಬಂದರು. ದಮಯಂತಿ ಜಗಲಿಗೆ ಬರಲೇ ಇಲ್ಲ. ಅಡುಗೆಮನೆಯ ಬಾಗಿಲಿನಿಂದ, "ನಾನು ಈಗ ಯಾರನ್ನೂ ತುಳಿಯುದಿಲ್ಲ, ದಯಮಾಡಿ ಹೋಗಿ" ಎಂದಳು. ಅವರು ಬಂದ ಹಾಗೆಯೇ ಬಗ್ಗಿಕೊಂಡು ಹೋದರು. ಆಮೇಲೆ ಒಳಗೆ ಸೆರಗು ಬಾಯಿಗೆ ಒತ್ತಿ ಅತ್ತಳು. ನನಗೆ ಕೇಳುವುದಿಲ್ಲ ಎಂದುಕೊಂಡಿರಬೇಕು.

ಇವತ್ತು ಇಷ್ಟೇ ಸಾಕು.

೨೯ ಮಾರ್ಚ್

ಪ್ಲಾಸ್ಟರ್ ತೆಗೆದರು. ಮೀನಖಂಡ ಇದ್ದ ಕಡೆ ಏನೂ ಇಲ್ಲ. ಒಂಬತ್ತು ವರ್ಷ ಗುಡ್ಡ ಹತ್ತಿ ಬೆಳೆಸಿದ್ದು ಎರಡು ತಿಂಗಳಲ್ಲಿ ಕರಗಿಹೋಯಿತು. ಡಾಕ್ಟರು ಹೇಳಿದಂತೆ ಪುತ್ತೂರಿನ ಚಪ್ಪಲಿಯವನು ಹಿಮ್ಮಡಿಯ ಕೆಳಗೆ ಟಯರಿನ ಮೂರು ಪದರ ಹೊಡೆದುಕೊಟ್ಟ. ಮೂರು ವಾರಕ್ಕೊಂದು ಪದರ ಕಿತ್ತುಹಾಕಬೇಕು. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. "ಹೊಲಿಗೆ ಮೆಷಿನ್ ಉಂಟಾ? ತುಳಿಯಿರಿ. ಆ ಕಾಲೊಂದರಲ್ಲೇ ನಿಂತು ಹಿಮ್ಮಡಿ ಎತ್ತಿದ ದಿವಸ ಕೂಡಿತು ಅಂತ ತಿಳ್ಕೊಳ್ಳಿ" ಎಂದರು.

ಬಸ್ಸಿನಲ್ಲಿ ದಮಯಂತಿ ನನ್ನ ಕಾಲನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು. ನಾಲ್ಕು ಜನ ನೋಡುತ್ತಿದ್ದರು. ಕಾಲು ತೆಗೆಯಲು ಹೋದೆ, ಬಿಡಲಿಲ್ಲ.

೧೨ ಏಪ್ರಿಲ್

ಹೊಲಿಗೆ ಮೆಷಿನ್ ಇರುವುದು ಕಡವಿನಲ್ಲಿ, ಅದ್ರಾಮನ ಹೆಂಡತಿ ನೆಬೀಸಳ ಹತ್ತಿರ. "ಮಧ್ಯಾಹ್ನ ನಾನು ಹೊಲಿಯುದಿಲ್ಲ, ನೀವು ಬಂದು ತುಳೀರಿ" ಎಂದು ಹೇಳಿ ಕಳಿಸಿದಳು. ಹೋಗುವುದು ಹೇಗೆ? ದಮಯಂತಿ ಈಗ ಸೈಕಲ್ ಬಿಡುತ್ತಾಳೆ. ಭಟ್ಟರ ಮಗಳು ವಸುಮತಿ ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಲೇಡೀಸ್ ಸೈಕಲ್. ಕಲಿಯುವಾಗ ಎಷ್ಟು ಸಲ ಬಿದ್ದಳೋ ನನಗೆ ಹೇಳಿಲ್ಲ, ಮೊಣಕೈ ನೋಡಿದರೆ ಗೊತ್ತಾಗುತ್ತದೆ.

ಇವತ್ತು ಅವಳು ತುಳಿದಳು, ನಾನು ಹಿಂದೆ ಕ್ಯಾರಿಯರ್ ಮೇಲೆ ಒಂದು ಕಡೆಗೆ ಕಾಲು ಇಳಿಬಿಟ್ಟು ಕೂತೆ, ತೊಡೆಯ ಮೇಲೆ ಟಪಾಲು ಸಂಚಿ. ಬಸ್‌ಸ್ಟ್ಯಾಂಡಿನಲ್ಲಿದ್ದ ಸರ್ವೋತ್ತಮ ಶೆಟ್ಟಿ, "ತ್ಯಾಂಪಣ್ಣ, ನಿಮ್ಮನ್ನು ಯಾವ ಊರಿಗೆ ಪಾರ್ಸೆಲ್ ಮಾಡುದು?" ಎಂದು ಕೂಗಿದ. ಎಲ್ಲರೂ ನಕ್ಕರು. ದಮಯಂತಿಯೂ ನಕ್ಕಳು, ಅವಳ ಬೆನ್ನು ಅಲುಗಿದ್ದು ನೋಡಿದೆ. ಅವಳು ನಕ್ಕದ್ದು ಜನವರಿಯ ನಂತರ ಇದೇ ಮೊದಲು. ಸರ್ವೋತ್ತಮನಿಗೆ ಒಂದು ಚಾ ಕುಡಿಸಬೇಕು.

೨೧ ಏಪ್ರಿಲ್

ಕುಂಬ್ರದ ಅದೇ ಅಂಗಡಿಯವರು ಸಂಜೆ ಪುನಃ ಬಂದರು. ದಮಯಂತಿ ಕಡವಿನಿಂದ ಆಗಷ್ಟೇ ಬಂದಿದ್ದಳು. ಸಂಚಿ ಇಳಿಸಿ, ಕಾಲು ತೊಳೆದು, "ಬಿದ್ದದ್ದಾ, ಬರೀ ಹಿಡಿದದ್ದಾ? ಏನಾದ್ರೂ ಟಕ್ ಅಂತ ಕೇಳಿತಾ?" ಎಂದು ವಿಚಾರಿಸಿದಳು. ಬರೀ ಹಿಡಿದದ್ದು ಎಂದ ಮೇಲೆ ಮೂರು ಸಲ ತುಳಿದಳು. ಅವರು ನೆಟ್ಟಗಾಗಿ ಹೋದರು.

ಅವಳಿಗೆ ಧೈರ್ಯ ಹೇಗೆ ಬಂತೋ. ಅಂತೂ ಬಂತು, ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ಚಪ್ಪಲಿಯ ಒಂದು ಪದರ ಕಿತ್ತೆ.

೧೪ ಮೇ

ದಿನಾ ಎರಡು ಗಂಟೆ ತುಳಿಯುತ್ತೇನೆ. ಸುಮ್ಮನೆ ತುಳಿಯುವುದು ಯಾಕೆ ಎಂದು ನೆಬೀಸ ನನಗೆ ನೇರ ಹೊಲಿಗೆ ಕಲಿಸಿದ್ದಾಳೆ. ನಾಲ್ಕು ದಿಂಬಿನ ಚೀಲ ಮುಗಿಸಿದೆ. ಇವತ್ತು ಟಪಾಲು ಸಂಚಿಯ ಪಟ್ಟಿಯನ್ನು ಒಂದು ಗೇಣು ಮಡಚಿ ಹೊಲಿದುಕೊಟ್ಟೆ. ನಾಲ್ಕು ತಿಂಗಳಿನಿಂದ ಅದು ದಮಯಂತಿಯ ಮೊಣಕಾಲಿಗೆ ಬಡಿಯುತ್ತಿತ್ತು, ಗುಡ್ಡ ಹತ್ತುವಾಗ ಎಷ್ಟು ಕಷ್ಟ ಎಂದು ಒಂಬತ್ತು ವರ್ಷ ಹತ್ತಿದವನಿಗೆ ಇಷ್ಟು ತಡವಾಗಿ ಹೊಳೆಯಿತು. ಅವಳು ಹೆಗಲಿಗೆ ಹಾಕಿ ನೋಡಿ, ಹೊಲಿಗೆಯ ಮೇಲೆ ಬೆರಳು ಆಡಿಸಿ, ದೋಣಿ ಹತ್ತಿದಳು.

ಈ ಊರಿನಲ್ಲಿ ನನಗೆ ಎಷ್ಟು ಜನ ಎಂದು ಕಾಲು ಕಡಿಯದಿದ್ದರೆ ಗೊತ್ತಾಗುತ್ತಿರಲಿಲ್ಲ. ಆಚೆ ದಡದಿಂದ ಇವತ್ತು ಬಂದದ್ದು ಒಂದು ಕಟ್ಟು ಬಸಳೆ, ಮಾವಿನ ಮಿಡಿ ಉಪ್ಪಿನಕಾಯಿ, ಬಾಟಲಿಯಲ್ಲಿ ಜೇನು. ಅದ್ರಾಮ ದಿನಾ ನನ್ನನ್ನು ಸೈಕಲಿನಿಂದ ಇಳಿಸುವಾಗ ತೋಳು ಕೊಡುತ್ತಾನೆ. ಆ ದಿನದ ಮಾತು ಒಮ್ಮೆಯೂ ಎತ್ತಿಲ್ಲ. ಅವನು ಎತ್ತದಷ್ಟೂ ನನಗೆ ಅವನ ಕಣ್ಣು ನೋಡುವುದು ಕಷ್ಟ.

೧೭ ಜೂನ್

ಹೊಳೆ ಕೆಂಪಾಗಿ ತುಂಬಿದೆ. ನಾಲ್ಕಕ್ಕೆ ಬರಬೇಕಾದ ದೋಣಿ ಐದಾದರೂ ಇಲ್ಲ. ನೀರಿನಲ್ಲಿ ದೊಡ್ಡ ದೊಡ್ಡ ಮರಗಳು ಬುಡ ಸಮೇತ ಹೋಗುತ್ತಿದ್ದವು. ನಾನು ಮೆಷಿನ್ ಬಿಟ್ಟು ದಡಕ್ಕೆ ಬಂದು ನಿಂತೆ. ಇಷ್ಟು ವರ್ಷ ಅಮ್ಮ, ದಮಯಂತಿ ಹೀಗೆಯೇ ಮನೆಯಲ್ಲಿ ಕಾಯುತ್ತಿದ್ದರೇನೋ. ನಾನು ಮಾತ್ರ ಈಜಿ ಬಂದೆ, ಹಾರಿ ಬಂದೆ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಕೆಲಸ ಹೋದರೆ ಹೋಗಲಿ, ಇವಳೊಬ್ಬಳು ಈಚೆಗೆ ಬರಲಿ ಎಂದು ದೇವರಿಗೆ ಹೇಳಿದೆ. ತಿರುವಿನ ಆಚೆ ಏನೋ ಕಪ್ಪಗೆ ಕಂಡ ಹಾಗಾಯಿತು. ದಡದ ಬೇಲಿಯ ಗಿಡಗಳ ಮೇಲಿಂದ ಇಣುಕಿ ನೋಡಿದೆ. ದೋಣಿ! ಸಂಚಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಅವಳು ನಡುವೆ ಕೂತಿದ್ದಳು.

"ತ್ಯಾಂಪಣ್ಣ, ನಿಮ್ಮ ಕಾಲು ನೋಡಿ!" ಎಂದು ಹಿಂದಿನಿಂದ ನೆಬೀಸ ಕೂಗಿದಳು.

ಎಡಗಾಲು ಬೇಲಿಯ ಕಲ್ಲಿನ ಮೇಲಿತ್ತು. ಬಲಗಾಲೊಂದರ ಮೇಲೆ, ಬೆರಳ ತುದಿಯಲ್ಲಿ, ನಾನು ನಿಂತಿದ್ದೆನಂತೆ. ನೋಡಿದ ತಕ್ಷಣ ಹಿಮ್ಮಡಿ ಇಳಿಯಿತು. ಆದರೂ ನೆಬೀಸ ನೋಡಿದ್ದಾಳೆ, ಸುಳ್ಳು ಹೇಳುವವಳಲ್ಲ.

೧ ಜುಲೈ

ಬೆಳಿಗ್ಗೆ ಗಂಜಿಗೆ ಕೂತಾಗ ಅಮ್ಮ ಸುರುಮಾಡಿದರು. "ಈಗ ನೆಟ್ಟಗೆ ನಡೀತಾನೆ, ನನ್ನ ಪುಣ್ಯ. ಹೆಂಡತಿ ತುಳಿದ ಕಾಲು ಸರಿಯಾಗುದುಂಟಾ ಅಂತ ಊರೇ ಕೇಳ್ತಿತ್ತು."

ದಮಯಂತಿ ತಲೆ ಬಗ್ಗಿಸಿ ಚಟ್ನಿ ಬಡಿಸುತ್ತಿದ್ದಳು. ನನ್ನ ಕೈಯಲ್ಲಿದ್ದ ಹಲಸಿನೆಲೆಯ ಚಮಚ ಗಂಜಿಯಲ್ಲಿ ಬಿತ್ತು.

"ಅಮ್ಮ, ಕಾಲು ಕಡಿದದ್ದು ಹೊಳೆಯಲ್ಲಿ. ನಾನು ಬಂಡೆ ಹಾರಿದ್ದು. ಟಕ್ ಅಂತ ಕೇಳಿತು ಕೂಡ. ಇವಳು ತುಳಿಯುವ ಮೊದಲಿನ ದಿವಸವೇ ಕಡಿದಿತ್ತು. ಮೆಟ್ಟಿಲಲ್ಲಿ ಎಡವಿದ್ದು ನಾಟಕ. ಇನ್ನೊಮ್ಮೆ ಇವಳಿಗೆ ಆ ಮಾತು ಹೇಳ್ಬೇಡಿ."

ಅಮ್ಮ ನನ್ನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಚಟ್ನಿಯ ಪಾತ್ರೆಯನ್ನು ಸೊಸೆಯ ಕೈಯಿಂದ ತಾವೇ ತೆಗೆದುಕೊಂಡು, "ನೀನು ಕೂತ್ಕೋ ಮಗಾ, ಗಂಜಿ ಆರ್ತದೆ" ಎಂದರು.

ಕಡವಿಗೆ ಹೋಗುವಾಗ ಮಳೆ. ಅವಳು ಸೈಕಲ್ ತುಳಿಯುತ್ತಿದ್ದಳು, ನಾನು ಹಿಂದೆ ಕೂತು ಅವಳ ತಲೆಗೆ ಕೊಡೆ ಹಿಡಿದಿದ್ದೆ. ಅವಳ ಮುಖ ಕಾಣದ ಕಾರಣ ಮಾತು ಬಂತು. "ಬೈ ಮಾರಾಯ್ತಿ, ಏನಾದ್ರೂ ಹೇಳು" ಎಂದೆ.

"ನಂಗೆ ಗೊತ್ತುಂಟು."

"ಯಾವಾಗಿಂದ?"

"ಅದ್ರಾಮಣ್ಣ ಹೇಳಿದ್ದು. ನಾನು ದೋಣಿಯಲ್ಲಿ ಅಳ್ತಾ ಇದ್ದೆ, ನೋಡ್ಲಿಕ್ಕಾಗದೆ ಹೇಳಿದ್ರು. ಭಟ್ರಿಗೆ ಹೇಳುದಿಲ್ಲ ಅಂತ ಮಾತು ಕೊಟ್ಟದ್ದು, ನಂಗೆ ಹೇಳುದಿಲ್ಲ ಅಂತ ಅನ್ಲಿಲ್ಲ ಅಂದ್ರು. ಅದೇ ಸಂಜೆ ಕುಂಬ್ರದವರು ಬಂದದ್ದು. ಇವತ್ತಿಗೆ ಎಪ್ಪತ್ತೊಂದು ದಿವಸ."

"ಮತ್ತೆ ನೀನು ಯಾಕೆ ಕೇಳ್ಲಿಲ್ಲ?"

"ನೀವೇ ಹೇಳ್ತೀರಾ ನೋಡುವ ಅಂತ."

ಒಂದು ಏರು ಬಂತು. ಅವಳು ಎದ್ದು ನಿಂತು ತುಳಿದಳು, ನಾನು ಇಳಿಯಲಾ ಎಂದರೆ ಬೇಡ ಎಂದಳು.

"ಪಾಪ ಮಾಡಿದವಳ ಹಾಗೆ ಸಂಚಿ ಹೊತ್ತದ್ದು ನಿನ್ನದಲ್ಲದ ತಪ್ಪಿಗೆ" ಎಂದೆ.

"ಏಪ್ರಿಲ್‌ವರೆಗೆ ತಪ್ಪಿಗೆ. ಆಮೇಲೆ ಅಲ್ಲ. ಎಂಟು ವರ್ಷ ಆ ಗುಡ್ಡವನ್ನು ಅಂಗಳದಿಂದ ನೋಡಿದ್ದೆ. ಹತ್ತಿದ ಮೇಲೆ ಅಲ್ಲಿಂದ ನಮ್ಮ ಮನೆ ಕಾಣ್ತದೆ, ನಿಮಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ನಾನು ಅಲ್ಲಿ ನಿಂತವನಲ್ಲ. ಕೊಡೆ ಅವಳಿಗೆ ಹಿಡಿದದ್ದರಿಂದ ನಾನು ಪೂರ್ತಿ ಒದ್ದೆ. ಒಳ್ಳೆಯದೇ ಆಯಿತು, ಕಣ್ಣು ಒರಸಿಕೊಳ್ಳುವ ಕೆಲಸ ಇರಲಿಲ್ಲ.

೫ ಜುಲೈ

ಭಟ್ಟರಿಗೂ ಹೇಳಿದೆ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಇವತ್ತು ಕರೆಸಿ, "ಕೆಲಸ ತೆಗೆಯುದಿಲ್ಲ. ಆದ್ರೆ ಈ ಮಳೆಗಾಲ ಸಂಚಿ ನಿನ್ನ ಕೈಗೆ ಕೊಡುದೂ ಇಲ್ಲ. ದಮಯಂತಿ ಇಷ್ಟು ತಿಂಗಳಲ್ಲಿ ಒಂದು ಕಾರ್ಡು ಒದ್ದೆ ಮಾಡ್ಲಿಲ್ಲ ಮಾರಾಯ" ಎಂದರು. ಜನವರಿಯಲ್ಲಿ ಯಾರಾದರೂ ಹೀಗೆ ಅಂದಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಇವತ್ತು ಎದೆಯುಬ್ಬಿಸಿಕೊಂಡು ಮನೆಗೆ ಬಂದು ಅಮ್ಮನಿಗೆ ಹೇಳಿದೆ.

೯ ಆಗಸ್ಟ್

ಡಾಕ್ಟರು ಗುಡ್ಡ ಹತ್ತಬಹುದು ಎಂದಿದ್ದಾರೆ. ಹಾರಬಾರದು. ಮಳೆ ಬಿಟ್ಟು ಹೊಳವಾದದ್ದು ನೋಡಿ ಭಟ್ಟರು ಇವತ್ತೊಂದು ದಿನ ಹೋಗಿ ಬಾ ಎಂದರು. ಏಳು ತಿಂಗಳ ಮೇಲೆ ಸೈಕಲ್, ಹೊಳೆ, ಗುಡ್ಡ. ಅದ್ರಾಮನ ದೋಣಿಯಲ್ಲಿ ಕೂತು ಅವನ ಕೈ ಹಿಡಿದು, "ನೀನು ಹೇಳಿದ್ದು ದೊಡ್ಡ ಉಪಕಾರ" ಎಂದೆ. "ಜಲ್ಲೆ ಹಾಕ್ಲಿಕ್ಕೆ ಕೈ ಬಿಡಿ ತ್ಯಾಂಪಣ್ಣ, ದೋಣಿ ಹೋಗ್ತದೆ" ಎಂದ.

ಆಚೆ ದಡದಲ್ಲಿ ಎಲ್ಲರೂ ನನ್ನ ಕಾಲು ನೋಡಿ ಸಂತೋಷಪಟ್ಟರು. ಆಮೇಲೆ ಎಲ್ಲರೂ ಒಂದೇ ಪ್ರಶ್ನೆ, ದಮಯಂತಿ ಯಾಕೆ ಬರಲಿಲ್ಲ?

ಗೋದಾವರಿ ಅಮ್ಮನಿಗೆ ಕಾಗದ ಇರಲಿಲ್ಲ. ನಲ್ವತ್ತು ಮೆಟ್ಟಿಲನ್ನೂ ಹತ್ತಿದೆ. ಕಿವಿಯ ಹತ್ತಿರ ಹೋಗಿ, "ಏನೂ ಇಲ್ಲ ಅಮ್ಮಾ" ಎಂದೆ.

"ಓ, ಹೀಗಾ?" ಎಂದು ಅವರು ನಕ್ಕರು. "ನೀನು ಕೆಳಗಿಂದ ಎಂತದೋ ಕೂಗಿ ಹೋಗ್ತಿದ್ದೆಯಲ್ಲ, ನಂಗೆ ಕೇಳ್ತಿರ್ಲಿಲ್ಲ. ಕಾಗದ ಉಂಟು, ಇಳಿದು ಬಾ ಅಂತ ಹೇಳುದೋ ಏನೋ ಅಂತ ಪ್ರತಿ ಸಲ ತಡಮೆವರೆಗೆ ಇಳಿದು ಬರ್ತಿದ್ದೆ."

ಒಂಬತ್ತು ವರ್ಷ. ನಾನು ಉಳಿಸಿದ ನಲ್ವತ್ತು ಮೆಟ್ಟಿಲನ್ನು ಈ ಮುದುಕಿ ಇಳಿದು ಹತ್ತುತ್ತಿದ್ದರು. ಅವರ ಜಗಲಿಯ ಅಂಚಿನಲ್ಲಿ ಸುಮಾರು ಹೊತ್ತು ನಿಂತೆ. ಹೌದು, ಹೊಳೆಯಾಚೆ ನಮ್ಮ ಮನೆ ಕಾಣುತ್ತದೆ. ಅಂಗಳದಲ್ಲಿ ಯಾರೋ ನಿಂತಿದ್ದರು, ಹಸಿರು ಸೀರೆ.

ಮನೆಗೆ ಬರುವಾಗ ನಾಲ್ಕೂವರೆ. ಮಡಚಿ ಹೊಲಿದ ಪಟ್ಟಿ ನನಗೆ ಗಿಡ್ಡವಾಗಿ ಕಂಕುಳೆಲ್ಲ ಕೆಂಪಾಗಿತ್ತು. ದಮಯಂತಿ ನೋಡಿ, ಒಳಗೆ ಹೋಗಿ ಬ್ಲೇಡ್ ತಂದಳು. "ಕೊಡಿ, ಹೊಲಿಗೆ ಬಿಚ್ತೇನೆ. ಇನ್ನು ನಿಮ್ಮ ಸಂಚಿ ಅಲ್ವಾ?" ಎಂದಳು. ದನಿ ಸರಿಯಾಗಿಯೇ ಇತ್ತು, ಕಣ್ಣು ಮಾತ್ರ ಗುಡ್ಡದ ಕಡೆ ಇತ್ತು.

ಬ್ಲೇಡನ್ನು ಅವಳ ಕೈಯಿಂದ ತೆಗೆದು ಮಾಡಿನ ಸಂದಿಯಲ್ಲಿ ಸಿಕ್ಕಿಸಿದೆ. ಭಟ್ಟರ ಹತ್ತಿರ ಬರುವ ದಾರಿಯಲ್ಲೇ ಮಾತಾಡಿ ಬಂದಿದ್ದೇನೆ, ಅವರು ಹೂಂ ಅಂದಿದ್ದಾರೆ. ಹೊಳೆ ಮತ್ತು ಗುಡ್ಡ ಅವಳದು. ಸೈಕಲ್ ನನ್ನದು. ನಾಳೆಯಿಂದ ಕಡವಿನವರೆಗೆ ನಾನು ತುಳಿಯುತ್ತೇನೆ, ಅವಳು ಹಿಂದೆ ಕೂರುತ್ತಾಳೆ.